ಟಿವೈಜಿಎಸ್ ವಿಮರ್ಶೆ: ದೊಡ್ಡಹೊಟ್ಟೆಯ ಬ್ಯಾಕ್ಟೀರಿಯಾ ಹೊಸದೋ ಹಳೆಯದೋ ಎಂದು ಹೇಳುವ ಬಿಟ್ಟಿ ಸೇವೆ

ಕುರಿಯದೋ ಮೇಕೆಯದೋ ರೂಮೆನ್‌ನಿಂದ, ಅಂದರೆ ದೊಡ್ಡಹೊಟ್ಟೆಯ ದ್ರವದಿಂದ, ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿ, ಬ್ಯಾಕ್ಟೀರಿಯಾಗಳ ಗುರುತು ಹಿಡಿಯಲು ಬಳಸುವ 16ಎಸ್ ಎಂಬ ಜೀನನ್ನು ಓದಿಸುತ್ತಾರೆ. ಹತ್ತಿರದ ಹೆಸರಿನ ಜೊತೆ ಹೋಲಿಕೆ ಶೇ. 97 ಬಂತು ಅಂದ ಕೂಡಲೇ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಹೊಸ ಪ್ರಭೇದ ಇರಬೇಕು." ಈ "ಇರಬೇಕು" ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಇವತ್ತು ಬಹಳ ಜನ ಹೋಗುವುದು ಟೈಪ್ ಸ್ಟ್ರೇನ್ ಜೀನೋಮ್ ಸರ್ವರ್‌ಗೆ. (ಟೈಪ್ ಸ್ಟ್ರೇನ್ ಅಂದರೆ ಒಂದು ಪ್ರಭೇದಕ್ಕೆ ಹೆಸರಿಡುವಾಗ ಮಾದರಿಯಾಗಿ ಇಟ್ಟ ತಳಿ, ಜೀನೋಮ್ ಅಂದರೆ ಜೀವಿಯ ಇಡೀ ಡಿಎನ್‌ಎ.) ಚಿಕ್ಕದಾಗಿ ಟಿವೈಜಿಎಸ್. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿರುವ ಡಿಎಸ್‌ಎಂಝಡ್ ಎಂಬ ಸೂಕ್ಷ್ಮಜೀವಿ ಸಂಗ್ರಹಾಲಯ ಇದನ್ನು ನಡೆಸುತ್ತದೆ. ಮೈಯರ್-ಕೋಲ್ಟಾಫ್ ಮತ್ತು ಗೋಕರ್ 2019ರಲ್ಲಿ ಇದನ್ನು ಪ್ರಕಟಿಸಿದರು. ಬ್ಯಾಕ್ಟೀರಿಯಾಗಳ ಅಧಿಕೃತ ಹೆಸರುಗಳ ಪಟ್ಟಿಯಾದ ಎಲ್‌ಪಿಎಸ್‌ಎನ್ ಕೂಡ ಈಗ ಅದೇ ಸಂಸ್ಥೆಯ ಕೈಯಲ್ಲಿದ್ದು, ಎರಡೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೆಲಸ ಮಾಡುತ್ತವೆ. ದುಡ್ಡಿಲ್ಲ, ಲಾಗಿನ್ ಇಲ್ಲ.

ಅವಸರದಲ್ಲಿರುವವರಿಗೆ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಪ್ರಭೇದದ ಗಡಿ ಅಳೆಯುವುದರಲ್ಲಿ ಇಷ್ಟು ನಂಬಿಕಸ್ಥವಾದ, ಇಷ್ಟು ಸಲೀಸಾದ ಬಿಟ್ಟಿ ಸೇವೆ ಇನ್ನೊಂದು ಸಿಗುವುದು ಕಷ್ಟ. ಆದರೆ ರೂಮೆನ್ ಬ್ಯಾಕ್ಟೀರಿಯಾಗಳ ಮಟ್ಟಿಗೆ ಇದು "ಹೊಸದು" ಅಂದರೆ ಅದು ಅರ್ಧ ಉತ್ತರ ಮಾತ್ರ. ಮಿಕ್ಕ ಅರ್ಧವನ್ನು ಬೇರೆಡೆ ಹುಡುಕಬೇಕು. ಇನ್ನು ನೀವು ಕೊಟ್ಟ ಜೀನೋಮ್ ಕೊಳೆಯಾಗಿದ್ದರೆ ಸರ್ವರ್ ಪಾಪ ಏನು ಮಾಡೀತು.

16ಎಸ್ ಒಂದೇ ಏಕೆ ಸಾಲದು ಎಂಬುದು ಗೊತ್ತಿದ್ದರೆ ಮಾತ್ರ ಈ ಸೇವೆಯ ಬೆಲೆ ತಿಳಿಯುತ್ತದೆ. ಶೇ. 98.7ಕ್ಕಿಂತ ಕಡಿಮೆ ಹೋಲಿಕೆ ಬಂದರೆ ಬೇರೆ ಪ್ರಭೇದ ಎನ್ನಲು ಅಡ್ಡಿಯಿಲ್ಲ. ಸ್ಟಾಕೆಬ್ರಾಂಟ್ ಮತ್ತು ಎಬರ್ಸ್ 2006ರಲ್ಲಿ ಈ ಗೆರೆ ಎಳೆದರು, 2014ರಲ್ಲಿ ಜೀನೋಮ್‌ಗಳ ಮೇಲೆ ಲೆಕ್ಕ ಹಾಕಿದಾಗಲೂ ಅದು 98.65ಕ್ಕೇ ಬಂದು ನಿಂತಿತು. ಈ ಗೆರೆ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ ಎಂಬುದನ್ನು ಜನ ಮರೆಯುತ್ತಾರೆ. 98.7ಕ್ಕಿಂತ ಕೆಳಗೆ ಬಂದರೆ ಬೇರೆ. ಮೇಲೆ ಬಂದರೆ ಅದೇ ಪ್ರಭೇದವೂ ಆಗಬಹುದು, ಬೇರೆಯೂ ಆಗಬಹುದು. ಶೇ. 99.5 ಹೋಲಿಕೆಯಿದ್ದೂ ಬೇರೆ ಬೇರೆ ಪ್ರಭೇದಗಳಾಗಿರುವ ಜೋಡಿಗಳು ಬೇಕಾದಷ್ಟಿವೆ. ಇನ್ನೊಂದು ಮಾತು: ಈ ಅಂಕಿ ಸುಮಾರು 1,450 ಅಕ್ಷರದ (ಡಿಎನ್‌ಎಯ ಎ, ಸಿ, ಜಿ, ಟಿ ಅಕ್ಷರಗಳು) ಪೂರ್ತಿ ಜೀನ್‌ಗೆ ಹೊಂದುವಂಥದ್ದು. ವಿ3–ವಿ4 ಎಂಬ 460 ಅಕ್ಷರದ ತುಂಡನ್ನು ಇಟ್ಟುಕೊಂಡು 98.7ರ ಗೆರೆ ಎಳೆಯಲು ಹೋಗಬಾರದು.

ನಿಜವಾದ ಅಳತೆ ಇಡೀ ಡಿಎನ್‌ಎ ಹೋಲಿಕೆ. 1987ರಲ್ಲಿ ತಜ್ಞರ ಸಮಿತಿಯೊಂದು ಶೇ. 70 ಡಿಎನ್‌ಎ–ಡಿಎನ್‌ಎ ಹೈಬ್ರಿಡೈಸೇಶನ್ (ಎರಡು ಜೀವಿಗಳ ಡಿಎನ್‌ಎ ಎಳೆಗಳು ಎಷ್ಟು ಅಂಟಿಕೊಳ್ಳುತ್ತವೆ ಎಂಬ ಅಳತೆ, ಚಿಕ್ಕದಾಗಿ ಡಿಡಿಎಚ್) ಎಂದು ಪ್ರಭೇದದ ಗಡಿಯನ್ನು ಸೂಚಿಸಿತು. ಅದನ್ನು ಟ್ಯೂಬಿನಲ್ಲಿ ಮಾಡುವುದು ಬಲು ಯಾತನೆಯ ಕೆಲಸ, ಒಂದು ಲ್ಯಾಬಿನ ಅಂಕಿ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಅದೇ ಅಳತೆಯನ್ನು ಕಂಪ್ಯೂಟರಿನಲ್ಲಿ ಮಾಡುವುದು ಡಿಜಿಟಲ್ ಡಿಡಿಎಚ್. ಟಿವೈಜಿಎಸ್‌ನ ಹೃದಯ ಇದೇ. ಎಎನ್‌ಐ (ಎರಡು ಜೀನೋಮ್‌ಗಳ ಹೊಂದುವ ಭಾಗಗಳ ಸರಾಸರಿ ಹೋಲಿಕೆ) ಎಂಬ ಇನ್ನೊಂದು ಅಳತೆಯಲ್ಲಿ ಶೇ. 95ರಿಂದ 96 ಎಂದರೆ ಇಲ್ಲಿ ಸುಮಾರು 70.

ಬಳಸುವ ಕ್ರಮ ಸುಲಭ. ಜೀನೋಮ್‌ನ ಫಾಸ್ಟಾ ಫೈಲ್ (ಡಿಎನ್‌ಎ ಅಕ್ಷರಗಳ ಪಠ್ಯ ಫೈಲ್) ಹಾಕಬೇಕು, ಅಥವಾ ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಭಂಡಾರದ ಸಂಖ್ಯೆ ಕೊಡಬೇಕು. ಹತ್ತಿರದ ಟೈಪ್ ಸ್ಟ್ರೇನ್‌ಗಳನ್ನು ಸರ್ವರ್ ತಾನೇ ಹುಡುಕಲಿ ಎಂಬ ಆಯ್ಕೆಯನ್ನು ಹಾಗೇ ಬಿಡಬೇಕು. ಇಮೇಲ್ ವಿಳಾಸ ಕೊಟ್ಟು ಒತ್ತಿದರೆ ಆಯಿತು. ಸರದಿ ಉದ್ದವಿದ್ದರೆ ಕಾಯಬೇಕಾಗುತ್ತದೆ, ಆಮೇಲೆ ಫಲಿತಾಂಶದ ಲಿಂಕ್ ಬರುತ್ತದೆ. ಬಂದ ಲಿಂಕನ್ನು ನಂಬಿ ಕೂರದೆ ಕೋಷ್ಟಕಗಳನ್ನೂ ವಂಶವೃಕ್ಷದ ಮರಗಳನ್ನೂ ಆವತ್ತೇ ಇಳಿಸಿಕೊಳ್ಳಿ. ಯಾವ ವಿಧಾನ ಬಳಸಿದೆ, ಯಾವ ಆವೃತ್ತಿ ಎಂದು ಸರ್ವರೇ ಬರೆದುಕೊಡುವ ಪುಟವೊಂದಿದೆ. ಪ್ರಬಂಧದ ವಿಧಾನಗಳ ಭಾಗಕ್ಕೆ ಅದಕ್ಕಿಂತ ಅನುಕೂಲದ್ದು ಇನ್ನೇನು ಬೇಕು. ಈ ಒಂದು ಸೌಕರ್ಯಕ್ಕೇ ಒಂದು ಅಂಕ ಹೆಚ್ಚು.

ಒಳಗೆ ನಡೆಯುವುದನ್ನು ತಿಳಿದುಕೊಂಡರೆ ಮುಂದೆ ಎಡವಟ್ಟು ಕಂಡುಹಿಡಿಯಲು ಸಹಾಯ. ಸರ್ವರ್ ಹತ್ತಿರದ ನೆಂಟರನ್ನು ಎರಡು ದಾರಿಯಲ್ಲಿ ಹುಡುಕುತ್ತದೆ. ಮೊದಲನೆಯದು ಮ್ಯಾಶ್ ಎಂಬ ವೇಗದ ಹೋಲಿಕೆ. ಇಡೀ ಜೀನೋಮ್ ಇಟ್ಟುಕೊಂಡು ಅತಿ ಹತ್ತಿರದ ಹತ್ತು ಟೈಪ್ ಸ್ಟ್ರೇನ್ ಆರಿಸುತ್ತದೆ. ಎರಡನೆಯದು, ನಿಮ್ಮ ಜೀನೋಮಿನೊಳಗಿಂದ 16ಎಸ್ ಜೀನನ್ನು ಕಿತ್ತು ತೆಗೆದು, ಅದಕ್ಕೆ ಹೋಲುವ ಐವತ್ತು ಟೈಪ್ ಸ್ಟ್ರೇನ್ ಗುರುತಿಸಿ, ಅವುಗಳ ಜೀನೋಮ್ ಜೊತೆ ನಿಖರವಾದ ದೂರ ಅಳೆದು ಹತ್ತನ್ನು ಉಳಿಸಿಕೊಳ್ಳುತ್ತದೆ. ಎರಡೂ ಪಟ್ಟಿ ಸೇರಿಸಿ ಮರ ಕಟ್ಟುತ್ತದೆ, ಪ್ರತಿ ಜೋಡಿಗೂ ಡಿಡಿಎಚ್ ಲೆಕ್ಕ ಹಾಕುತ್ತದೆ. ಶೇ. 70ರಲ್ಲಿ ಪ್ರಭೇದದ ಗುಂಪು, ಶೇ. 79ರಲ್ಲಿ ಉಪಪ್ರಭೇದದ ಗುಂಪು. ಮರದ ಪ್ರತಿ ಎಲೆಯ ಪಕ್ಕ ಬಣ್ಣದ ಚೌಕಗಳಲ್ಲಿ ಗುಂಪು, ಜಿಸಿ ಪ್ರಮಾಣ (ಡಿಎನ್‌ಎಯಲ್ಲಿ ಜಿ, ಸಿ ಅಕ್ಷರಗಳ ಪಾಲು), ಜೀನೋಮ್ ಗಾತ್ರ, ಪ್ರೋಟೀನ್ ಸಂಖ್ಯೆ ಎಲ್ಲ ಕಾಣುತ್ತದೆ. ಮೊದಲ ಸಲ ನೋಡಿದಾಗ ರಂಗೋಲಿಯಂತೆ ಕಂಡರೂ ಒಂದೇ ನೋಟಕ್ಕೆ ಬೇಕಾದ್ದೆಲ್ಲ ಅಲ್ಲಿರುತ್ತದೆ.

ಈಗ ಫಲಿತಾಂಶದ ಕೋಷ್ಟಕಕ್ಕೆ ಬರೋಣ. ಬಹಳ ಜನ ಜಾರುವುದು ಇಲ್ಲೇ. ಪ್ರತಿ ಜೋಡಿಗೂ ಮೂರು ಡಿಡಿಎಚ್ ಅಂಕಿ ಬರುತ್ತವೆ: ಡಿ0, ಡಿ4, ಡಿ6. ಡಿ4 ನೋಡಬೇಕು. ಹೊಂದಿದ ತುಂಡುಗಳೊಳಗೆ ಎಷ್ಟು ಅಕ್ಷರ ಒಂದೇ ಎಂಬುದನ್ನಷ್ಟೇ ಡಿ4 ಅಳೆಯುತ್ತದೆ, ಜೀನೋಮ್‌ನ ಉದ್ದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಪೂರ್ತಿಯಾಗದ, ಇನ್ನೂರು ಕಾಂಟಿಗ್‌ಗಳಾಗಿ, ಅಂದರೆ ಬಿಡಿ ತುಂಡುಗಳಾಗಿ, ಒಡೆದ ಜೀನೋಮ್‌ಗೂ ಅದು ಸರಿ. ಅದೇ ಸಂಸ್ಥೆಯ ಹಳೆಯ ಜಿಜಿಡಿಸಿ ಸರ್ವರಿನಲ್ಲಿ ಇದಕ್ಕೆ "ಫಾರ್ಮುಲಾ 2" ಎಂಬ ಹೆಸರು. ಎರಡೂ ಒಂದೇ, ಪ್ರಬಂಧದಲ್ಲಿ ಎರಡು ಬೇರೆ ಅಳತೆ ಎಂಬಂತೆ ಬರೆಯಬೇಡಿ.

ಉದಾಹರಣೆಗೆ ಒಂದು ಸಾಲು ಹೀಗಿದೆ ಎಂದಿಟ್ಟುಕೊಳ್ಳಿ: ಡಿ4 31.6, ವಿಶ್ವಾಸಾಂತರ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ) 29.2ರಿಂದ 34.1, ಜಿಸಿ ವ್ಯತ್ಯಾಸ 1.8. ಇಲ್ಲಿ ಚರ್ಚೆಯೇ ಬೇಡ. 70ರ ಹತ್ತಿರಕ್ಕೂ ಬಂದಿಲ್ಲ. ಒಂದೇ ಪ್ರಭೇದದ ಎರಡು ಜೀನೋಮ್‌ಗಳ ನಡುವೆ ಜಿಸಿ ವ್ಯತ್ಯಾಸ ಶೇ. 1 ದಾಟುವುದಿಲ್ಲ, ಅದೂ ಇಲ್ಲಿ ದಾಟಿದೆ. ಇನ್ನೊಂದು ಸಾಲು: ಡಿ4 68.9, ಅಂತರ 65.9ರಿಂದ 71.7, ಜಿಸಿ ವ್ಯತ್ಯಾಸ 0.2. ಸರ್ವರ್ ತನ್ನ ಗೆರೆಗೆ ತಕ್ಕಂತೆ "ಹೊಸ ಪ್ರಭೇದ ಇರಬಹುದು" ಎಂದೇ ಹೇಳುತ್ತದೆ. ಆದರೆ ಅಂತರ 70ನ್ನು ದಾಟಿ ಆಚೆ ಹೋಗಿದೆಯಲ್ಲ! ಇಂಥದ್ದಕ್ಕೆ ಎಎನ್‌ಐ ನೋಡಬೇಕು, ಹುದುಗಿಸಿ ಕೊಡುವ ಆಮ್ಲಗಳಲ್ಲಿ, ತಿನ್ನುವ ಸಕ್ಕರೆಗಳಲ್ಲಿ ನಿಜವಾದ ವ್ಯತ್ಯಾಸ ಇದೆಯೇ ನೋಡಬೇಕು. ಏನೂ ಸಿಗದಿದ್ದರೆ ಹೊಸ ಹೆಸರಿನ ಆಸೆ ಬಿಡುವುದು ವಾಸಿ. ಇಂಥ 68.9ರ ಹೆಸರುಗಳೇ ನಾಲ್ಕು ವರ್ಷದ ಬಳಿಕ ಪರ್ಯಾಯ ನಾಮಗಳ ಪಟ್ಟಿಗೆ ಸೇರುವುದು.

ಡಿ4ರಲ್ಲಿ ಒಂದು ಬಲೆಯೂ ಇದೆ. ನೆಂಟಸ್ತಿಕೆ ದೂರವಾದಷ್ಟೂ ಅದು ಸೊನ್ನೆಯತ್ತ ಇಳಿಯುವುದಿಲ್ಲ, ಇಪ್ಪತ್ತರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕೆಲವು ಸಲ ತೀರ ದೂರದ ಕುಲದ ಜೊತೆ 30, 35 ಎಂದೂ ತೋರಿಸುತ್ತದೆ. ಕಾರಣ ಸರಳ: ಅಷ್ಟು ದೂರದಲ್ಲಿ ಹೊಂದುವುದು ರೈಬೋಸೋಮ್ ಜೀನ್‌ಗಳಂಥ ಬೆರಳೆಣಿಕೆಯ ತುಂಡುಗಳು, ಆ ತುಂಡುಗಳೊಳಗೆ ಹೋಲಿಕೆ ಜಾಸ್ತಿಯೇ ಇರುತ್ತದೆ. ಅದಕ್ಕೇ, ಜೀನೋಮ್‌ನ ಎಷ್ಟು ಭಾಗ ಹೊಂದಿತು ಎಂದು ಅಳೆಯುವ ಪಕ್ಕದ ಡಿ0ಯನ್ನೂ ಒಮ್ಮೆ ನೋಡಿ. ಅದು 12, 13ಕ್ಕೆ ಕುಸಿದಿದ್ದರೆ ಆ 35ಕ್ಕೆ ಅರ್ಥವಿಲ್ಲ. ಪ್ರಭೇದದ ತೀರ್ಪಿಗೆ ಇದರಿಂದ ತೊಂದರೆಯಿಲ್ಲ, ಆದರೆ "ಅತಿ ಹತ್ತಿರದ ನೆಂಟ ಯಾರು" ಎಂದು ಡಿ4ರ ಕಾಲಂ ಒಂದನ್ನೇ ವಿಂಗಡಿಸಿ ಬರೆದರೆ ನಗೆಪಾಟಲು. ನೆಂಟ ಯಾರೆಂದು ಮರ ಹೇಳಬೇಕು.

ಕೊಳೆಯ ವಿಷಯ

ಸರ್ವರಿನ ಬಗ್ಗೆ ಕೇಳಿಬರುವ ದೂರುಗಳಲ್ಲಿ ದೊಡ್ಡ ಪಾಲು ಸರ್ವರಿನ ತಪ್ಪೇ ಅಲ್ಲ, ಕಲ್ಚರ್ (ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ) ಶುದ್ಧವಾಗಿರಲಿಲ್ಲ ಅಷ್ಟೆ. ರೂಮೆನ್ ದ್ರವದ ಒಂದು ಮಿಲಿಲೀಟರಿನಲ್ಲಿ ಒಂದು ಸಾವಿರ ಕೋಟಿಯಿಂದ ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ, ಒಂದನ್ನೊಂದು ಬಿಟ್ಟು ಬದುಕಲಾಗದವೂ ಅದರಲ್ಲಿವೆ. ಬಹಳ ಪಾಠ ಕಲಿಸುವ ಉದಾಹರಣೆ ಟ್ರೆಪೊನೀಮಾ ಬ್ರಯಾಂಟೈ. 1980ರಲ್ಲಿ ವಿವರಿಸಿದ, ಸ್ಕ್ರೂ ಮೊಳೆಯಂಥ ರೂಮೆನ್ ಬ್ಯಾಕ್ಟೀರಿಯಾ. ಅದಕ್ಕೆ ಸೆಲ್ಯುಲೋಸ್ ತಿನ್ನಲು ಬರುವುದಿಲ್ಲ. ಫೈಬ್ರೊಬ್ಯಾಕ್ಟರ್ ಹುಲ್ಲಿನ ನಾರನ್ನು ಕರಗಿಸಿದಾಗ ಬರುವ ಸಕ್ಕರೆಯನ್ನು ಪಕ್ಕದಲ್ಲೇ ನಿಂತು ತಿನ್ನುತ್ತದೆ. ಅಗರ್‌ನೊಳಗೆ ಈಜಿಕೊಂಡು ಹೋಗುವ ಶಕ್ತಿಯೂ ಅದಕ್ಕಿದೆ. ಸೆಲ್ಯುಲೋಸ್ ಅಗರ್‌ನಲ್ಲಿ ಸುತ್ತ ತಿಳಿಯಾದ ವಲಯ ಬಿಟ್ಟ ಚೆಂದದ ಒಂಟಿ ಕಾಲೊನಿ ಕಂಡು, ಸೂಜಿಯಲ್ಲಿ ಎತ್ತಿ, ಶುದ್ಧ ಎಂದುಕೊಂಡರೆ ಒಳಗೆ ಇಬ್ಬರು ಕೂತಿರುತ್ತಾರೆ. ಸಾಮಾನ್ಯ ಗ್ರಾಂ ಬಣ್ಣದಲ್ಲಿ ಆ ತೆಳ್ಳನೆಯ ಸುರುಳಿ ಕಣ್ಣಿಗೆ ಬೀಳುವುದೂ ಕಷ್ಟ. ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ಹಸಿ ಹನಿ ಇಟ್ಟು ನೋಡಿದರೆ ಮಿಂಚಿನಂತೆ ಸುಳಿಯುವುದು ಕಾಣುತ್ತದೆ.

ಇಂಥ ಮಿಶ್ರ ಕಲ್ಚರಿನ ಜೀನೋಮ್ ಕೊಟ್ಟರೆ ಟಿವೈಜಿಎಸ್ ಏನು ಮಾಡುತ್ತದೆ? ಬೈಯುವುದಿಲ್ಲ. ಲೆಕ್ಕ ಹಾಕಿಯೇ ಕೊಡುತ್ತದೆ. ಆದರೆ ಮೇಲೆ ಹೇಳಿದ ಎರಡು ದಾರಿ ನೆನಪಿದ್ದರೆ ಗುಟ್ಟು ಹೊರಬೀಳುತ್ತದೆ. ಮ್ಯಾಶ್ ಆರಿಸಿದ ಹತ್ತು ಒಂದು ಕುಲದವು, 16ಎಸ್ ಆರಿಸಿದ ಹತ್ತು ಸಂಬಂಧವೇ ಇಲ್ಲದ ಇನ್ನೊಂದು ಕುಲದವು ಎಂದಾದರೆ ಕಲ್ಚರ್ ಎರಡಾಗಿದೆ ಎಂದೇ ಮೊದಲು ಅನುಮಾನಿಸಬೇಕು. ಗಾತ್ರವೂ ಹೇಳುತ್ತದೆ. ಫೈಬ್ರೊಬ್ಯಾಕ್ಟರ್ ಸಕ್ಸಿನೋಜೆನೆಸ್‌ನ ಜೀನೋಮ್ ಸುಮಾರು 38 ಲಕ್ಷ ಅಕ್ಷರ. ಅದರ ನೆಂಟ ಎಂದು ಬಂದದ್ದು 65 ಲಕ್ಷ ಇದ್ದರೆ ಹಿಗ್ಗುವ ಬದಲು ಗಾಬರಿಯಾಗಬೇಕು. ಸರ್ವರ್ ಈ ಅನುಮಾನವನ್ನು ಇನ್ನಷ್ಟು ಗಟ್ಟಿಯಾಗಿ, ಕೆಂಪು ಅಕ್ಷರದಲ್ಲಿ ಕೂಗಿ ಹೇಳಬೇಕಿತ್ತು ಎಂಬುದು ನಮ್ಮ ಆಕ್ಷೇಪ. ಈಗಿರುವಂತೆ ಹೊಸಬರು ಇದನ್ನು ನೋಡದೆ ದಾಟಿಬಿಡುತ್ತಾರೆ. ಆದ್ದರಿಂದ ಫೈಲ್ ಹಾಕುವ ಮುಂಚೆಯೇ ಜೀನೋಮ್ ಎಷ್ಟು ಪೂರ್ಣ, ಎಷ್ಟು ಕಲಬೆರಕೆ ಎಂದು ಅಳೆಯುವ ಚೆಕ್‌ಎಂ ಎಂಬ ತಂತ್ರಾಂಶ ಓಡಿಸಿ. ಪೂರ್ಣತೆ ಶೇ. 95 ದಾಟಬೇಕು, ಕಲಬೆರಕೆ ಶೇ. 5ರ ಒಳಗಿರಬೇಕು. ಶುದ್ಧ ಕಲ್ಚರಿಗೆ 5 ಕೂಡ ಉದಾರದ ಅಂಕಿ, 1ರ ಒಳಗೆ ಬಂದರೆ ನೆಮ್ಮದಿ.

ಶುದ್ಧ ಕಲ್ಚರ್ ಸಿಗಬೇಕಾದರೆ ಮೊದಲಿನಿಂದಲೇ ಜೋಪಾನ ಬೇಕು. ಹೊಟ್ಟೆಗೆ ನಳಿಕೆ ಬಿಟ್ಟು ದ್ರವ ತೆಗೆಯುವಾಗ ಮೊದಲು ಬಂದದ್ದನ್ನು ಚೆಲ್ಲಿ, ಅದರಲ್ಲಿ ಜೊಲ್ಲೇ ಹೆಚ್ಚು. ನಾಲ್ಕು ಪದರದ ಮಲ್ಲು ಬಟ್ಟೆಯಲ್ಲಿ ಸೋಸಿ, ಇಂಗಾಲದ ಡೈಆಕ್ಸೈಡ್ ತುಂಬಿದ, 39 ಡಿಗ್ರಿಗೆ ಬೆಚ್ಚಗೆ ಮಾಡಿದ ಥರ್ಮಾಸ್‌ಗೆ ಅಂಚಿನವರೆಗೆ ತುಂಬಿ, ಆದಷ್ಟು ಬೇಗ ಲ್ಯಾಬಿಗೆ ತನ್ನಿ. ಹಂಗೇಟ್ ಟ್ಯೂಬಿನಲ್ಲಿ (ಗಾಳಿಯಾಡದಂತೆ ಮುಚ್ಚುವ ಟ್ಯೂಬ್) 9 ಮಿಲಿಲೀಟರ್ ದ್ರಾವಣಕ್ಕೆ 1 ಮಿಲಿಲೀಟರ್ ಹಾಕುತ್ತಾ ಹತ್ತುಪಟ್ಟು ತೆಳುಗೊಳಿಸಿ, ಎಂಟನೆಯ ಮತ್ತು ಒಂಬತ್ತನೆಯ ಟ್ಯೂಬಿನಿಂದ ರೋಲ್ ಟ್ಯೂಬ್ (ಒಳಗೋಡೆಗೆ ಅಗರ್ ಹತ್ತುವಂತೆ ಉರುಳಿಸಿದ ಟ್ಯೂಬ್) ಮಾಡಿದರೆ ಬೇರೆ ಬೇರೆಯಾಗಿ ನಿಂತ ಕಾಲೊನಿ ಸಿಗುತ್ತವೆ. ಮೀಡಿಯಾದಲ್ಲಿ ಲೀಟರಿಗೆ 1 ಮಿಲಿಗ್ರಾಂ ರೆಸಜುರಿನ್ (ಆಮ್ಲಜನಕ ತೋರಿಸಿಕೊಡುವ ಬಣ್ಣ), ಅರ್ಧ ಗ್ರಾಂ ಸಿಸ್ಟೀನ್ (ಆಮ್ಲಜನಕ ತೆಗೆಯಲು). ಗುಲಾಬಿ ಬಣ್ಣ ಉಳಿದಿದ್ದರೆ ಆಮ್ಲಜನಕ ಉಳಿದಿದೆ ಎಂದರ್ಥ, ಆ ಟ್ಯೂಬಿಗೆ ಏನೂ ಹಾಕಬೇಡಿ. ಬಣ್ಣ ಹೋದ ಮಾತ್ರಕ್ಕೆ ಸಾಕು ಎಂದೂ ಅಲ್ಲ. ರೆಸಜುರಿನ್ ಬಣ್ಣ ಕಳೆದುಕೊಳ್ಳುವುದು ರೆಡಾಕ್ಸ್ ಅಳತೆಯಲ್ಲಿ (ಕೆಳಗಿಳಿದಷ್ಟೂ ಆಮ್ಲಜನಕವಿಲ್ಲದ ಸ್ಥಿತಿ) ಸುಮಾರು −50 ಮಿಲಿವೋಲ್ಟ್ ಹತ್ತಿರ, ಹಸುವಿನ ಹೊಟ್ಟೆಯೊಳಗೆ −300ಕ್ಕೂ ಕೆಳಗಿರುತ್ತದೆ. ಇನ್ನೊಂದು ಮಾಮೂಲಿ ತಪ್ಪು: ಬೈಕಾರ್ಬನೇಟ್ ಇರುವ ಮೀಡಿಯಾಕ್ಕೆ ಡೈಆಕ್ಸೈಡ್ ಬದಲು ಬರೀ ಸಾರಜನಕ ತುಂಬುವುದು. ಪಿಎಚ್ 8ರತ್ತ ಏರಿ ಏನೂ ಬೆಳೆಯುವುದಿಲ್ಲ, ಜನ ರೂಮೆನ್ ದ್ರವವನ್ನು ದೂರುತ್ತಾರೆ. ಒಂಟಿ ಕಾಲೊನಿಯನ್ನು ಎತ್ತಿ ಮತ್ತೆ ರೋಲ್ ಮಾಡುವುದನ್ನು ಮೂರು ಸಲವಾದರೂ ಮಾಡಿ. ಕೊನೆಯ ಸಲ ಬೇರೆ ಆಹಾರದ ಮೀಡಿಯಾದಲ್ಲಿ, ಸೆಲ್ಯುಲೋಸ್ ಬದಲು ಸೆಲೋಬಯೋಸ್ ಎಂಬ ಸಕ್ಕರೆಯಲ್ಲಿ, ಮಾಡಿದರೆ ಅಡಗಿ ಕೂತವರು ಹೊರಬರುತ್ತಾರೆ.

ಸೀಕ್ವೆನ್ಸಿಂಗ್‌ಗೆ ಎಷ್ಟು ಡೇಟಾ ಬೇಕು ಎಂಬುದಕ್ಕೆ ಸಣ್ಣ ಲೆಕ್ಕ. 2018ರಲ್ಲಿ ಪ್ರಕಟವಾದ ಕನಿಷ್ಠ ಮಾನದಂಡಗಳ ಪ್ರಕಾರ 50 ಪಟ್ಟು ಕವರೇಜ್ ಇರಬೇಕು, ಅಂದರೆ ಪ್ರತಿ ಅಕ್ಷರವನ್ನೂ ಸರಾಸರಿ 50 ಸಲ ಓದಿರಬೇಕು. 40 ಲಕ್ಷ ಅಕ್ಷರದ ಜೀನೋಮ್‌ಗೆ ಅದು 20 ಕೋಟಿ ಅಕ್ಷರ, ಅಂದರೆ 0.2 ಗಿಗಾ. 5 ಗಿಗಾದ ಪ್ಯಾಕೇಜು ಕೊಳ್ಳಬೇಕಾಗಿಲ್ಲ. ಉಳಿಸಿದ ದುಡ್ಡನ್ನು ಉದ್ದ ತುಂಡುಗಳ ನ್ಯಾನೋಪೋರ್ ಓದಿಗೆ ಹಾಕಿ. ಸಣ್ಣ ತುಂಡಿನ ಇಲ್ಯುಮಿನಾ ಡೇಟಾ ಮಾತ್ರ ಇದ್ದರೆ, ಒಂದೇ ಜೀನೋಮಿನಲ್ಲಿ ಐದಾರು ಪ್ರತಿಗಳಿರುವ 16ಎಸ್ ಜೀನ್ ಜೋಡಣೆಯಲ್ಲಿ ಒಂದರ ಮೇಲೊಂದು ಕುಸಿದುಬೀಳುತ್ತದೆ, ಇಲ್ಲವೇ ತುಂಡಾಗಿ ಹೋಗುತ್ತದೆ. ಆಗ ಟಿವೈಜಿಎಸ್‌ನ ಎರಡನೆಯ ದಾರಿ ಕುಂಟುತ್ತದೆ. 27ಎಫ್, 1492ಆರ್ ಪ್ರೈಮರ್‌ಗಳಿಂದ (ಆ ಜೀನನ್ನೇ ಹಿಡಿಯುವ ಸಣ್ಣ ಡಿಎನ್‌ಎ ತುಂಡುಗಳು) ಬೇರೆಯಾಗಿ ಓದಿಸಿದ 16ಎಸ್ ಅನ್ನು ಜೀನೋಮಿನೊಳಗಿನದರ ಜೊತೆ ಹೋಲಿಸಿ ನೋಡುವುದು ಕಡ್ಡಾಯ ಎಂದೇ ತಿಳಿಯಿರಿ. ಟ್ಯೂಬ್ ಅದಲು ಬದಲಾದದ್ದು ಸಿಕ್ಕಿಬೀಳುವುದೇ ಇಲ್ಲಿ.

ಸರ್ವರಿಗೆ ಕಾಣದ್ದು

ಇನ್ನು ನಿಜವಾದ ಕೊರತೆ. ಹೆಸರೇ ಹೇಳುವಂತೆ ಇದು ಟೈಪ್ ಸ್ಟ್ರೇನ್‌ಗಳ ಜೊತೆ ಮಾತ್ರ ಹೋಲಿಸುತ್ತದೆ. ಅಂದರೆ ಅಧಿಕೃತವಾಗಿ ಹೆಸರಿಟ್ಟು, ಸಂಗ್ರಹಾಲಯದಲ್ಲಿಟ್ಟು, ಜೀನೋಮ್ ಓದಿರುವ ಮಾದರಿ ತಳಿಗಳು. ಮಣ್ಣಿನ ಬ್ಯಾಸಿಲಸ್‌ಗೆ, ಸ್ಟ್ರೆಪ್ಟೊಮೈಸಿಸ್‌ಗೆ ಇದು ಸಾಕು, ಅಲ್ಲಿ ಹೆಸರಿಟ್ಟವು ನೂರಾರು ಇವೆ. ರೂಮೆನ್ ಕಥೆ ಬೇರೆ. ಹಂಗೇಟ್1000 ಯೋಜನೆ 2018ರಲ್ಲಿ ಕೊಟ್ಟ ಪಟ್ಟಿಯಲ್ಲಿ, ಹಳೆಯವನ್ನೂ ಸೇರಿಸಿ, ಬೆಳೆಸಿದ ರೂಮೆನ್ ಸೂಕ್ಷ್ಮಜೀವಿಗಳ ಜೀನೋಮ್ 501. ಅವುಗಳಲ್ಲಿ ಎಷ್ಟೋ ತಳಿಗಳಿಗೆ ಕುಲದ ಹೆಸರಿನ ಮುಂದೆ "ಪ್ರಭೇದ ಗೊತ್ತಿಲ್ಲ" ಎಂಬ ಬಾಲ ಮಾತ್ರ. ಮರುವರ್ಷವೇ ಹಸುಗಳ ರೂಮೆನ್ ಡಿಎನ್‌ಎಯನ್ನು ನೇರವಾಗಿ ಓದಿ ಜೋಡಿಸಿದ 4,941 ಜೀನೋಮ್‌ಗಳ ಪಟ್ಟಿಯೊಂದು ಬಂತು. ಇವು ಟಿವೈಜಿಎಸ್ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಅದು "ಹೊಸದು" ಎಂದರೆ ಅರ್ಥ ಇಷ್ಟೇ: ಹೆಸರಿಟ್ಟವರಲ್ಲಿ ಇದು ಯಾರೂ ಅಲ್ಲ. ಸ್ಕಾಟ್‌ಲೆಂಡಿನಲ್ಲೋ ನ್ಯೂಜಿಲೆಂಡಿನಲ್ಲೋ ಇದನ್ನು ಈಗಾಗಲೇ ಬೆಳೆಸಿ ಹೆಸರಿಡದೆ ಬಿಟ್ಟಿರಬಹುದು.

ಮಿಕ್ಕ ಅರ್ಧ ಉತ್ತರಕ್ಕೆ ಜಿಟಿಡಿಬಿ-ಟಿಕೆ ಎಂಬ ತಂತ್ರಾಂಶ ಬೇಕು. ಹೆಸರಿಲ್ಲದ ಜೀನೋಮ್‌ಗಳನ್ನೂ ಅದು ಶೇ. 95 ಎಎನ್‌ಐ ಗುಂಪುಗಳಾಗಿ ಕಟ್ಟಿಟ್ಟಿದೆ. ನಿಮ್ಮದು ಅಂಕಿ ಹಚ್ಚಿದ ಯಾವುದೋ ಗುಂಪಿಗೆ ಸೇರಿದರೆ ಹೆಸರಿಡುವ ಅವಕಾಶ ತಪ್ಪಿಲ್ಲ. ಬದಲಿಗೆ ಲಾಭವೇ: ಆ ಪ್ರಭೇದ ಯಾವ ದೇಶದ, ಯಾವ ಪ್ರಾಣಿಯ ಹೊಟ್ಟೆಯಲ್ಲಿ ಕಂಡಿದೆ ಎಂದು ಬರೆಯಲು ಸಾಮಗ್ರಿ ಸಿಗುತ್ತದೆ. ಇದರ ಡೇಟಾಬೇಸ್ ಹತ್ತಾರು ಗಿಗಾ ದಾಟುತ್ತದೆ, ಮಾಮೂಲಿ ಲ್ಯಾಪ್‌ಟಾಪಿಗೆ ಹೊರೆ. ಕೆಬೇಸ್ ಎಂಬ ಉಚಿತ ವೇದಿಕೆಯಲ್ಲಿ ಓಡಿಸಿಕೊಳ್ಳಬಹುದು. 16ಎಸ್ ಹೋಲಿಸುವ ಇಝಡ್‌ಬಯೋಕ್ಲೌಡ್ ತಾಣದ ಬಗ್ಗೆ ಹೇಳುವುದಾದರೆ 16ಎಸ್‌ನ ಮೊದಲ ಜರಡಿಗೆ ಅದು ಈಗಲೂ ಚೆನ್ನ. ಅದರಲ್ಲಿ ಬಂದ ಅಂಕಿಯನ್ನೇ ಕೊನೆಯ ತೀರ್ಪು ಮಾಡದಿದ್ದರಾಯಿತು.

ಕುಲ ಹೊಸದೇ ಎಂಬ ಪ್ರಶ್ನೆಗೂ ಟಿವೈಜಿಎಸ್ ಉತ್ತರ ಕೊಡುವುದಿಲ್ಲ, ಕೊಡುತ್ತೇನೆ ಎಂದೂ ಹೇಳಿಲ್ಲ. 16ಎಸ್ ಹೋಲಿಕೆ ಶೇ. 94.5ಕ್ಕಿಂತ ಕೆಳಗೆ, ಹಂಚಿಕೊಂಡ ಪ್ರೋಟೀನ್ ಶೇ. 50ಕ್ಕಿಂತ ಕೆಳಗೆ ಬಂದರೆ ಆ ದಿಕ್ಕಿಗೆ ಯೋಚಿಸಬಹುದು. ಮರದ ಕೊಂಬೆ ಒಪ್ಪಬೇಕು.

ಹೆಸರುಗಳ ವಿಷಯದಲ್ಲಿ ಒಂದು ಗೊಂದಲಕ್ಕೆ ಸಿದ್ಧರಾಗಿರಿ. ದನದ ಹೊಟ್ಟೆಯ ಪಾಠದಲ್ಲಿ ಎಲ್ಲರೂ ಓದಿರುವ ಪ್ರಿವೊಟೆಲ್ಲಾ ರೂಮಿನಿಕೋಲಾವನ್ನು 2022ರಲ್ಲಿ ಜೈಲಾನಿಬ್ಯಾಕ್ಟರ್ ಕುಲಕ್ಕೆ ವರ್ಗಾಯಿಸಿದರು, ಪ್ರಿವೊಟೆಲ್ಲಾ ಬ್ರಯಾಂಟೈ ಸೆಗಟೆಲ್ಲಾ ಆಯಿತು. ಮರದಲ್ಲಿ ಕಂಡ ಹೆಸರು ಅಪರಿಚಿತ ಎನಿಸಿದರೆ ಎಲ್‌ಪಿಎಸ್‌ಎನ್ ಕೊಂಡಿ ಒತ್ತಿ, ಹಳೆಯ ಹೆಸರು ಸಿಗುತ್ತದೆ. ಈ ಕೊಂಡಿ ಟಿವೈಜಿಎಸ್‌ನ ನಿಜವಾದ ಶಕ್ತಿ. ಬೇರೆ ಸರ್ವರ್‌ಗಳಲ್ಲಿ ಇದನ್ನು ಕೈಯಾರೆ ಹುಡುಕಬೇಕು.

ಜೀನೋಮ್ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈಗಿಂತ ಒಳ್ಳೆಯ ಉದಾಹರಣೆ ಸಿಗದು. ಸುಬಾಬುಲ್ ಸೊಪ್ಪು ನಮ್ಮಲ್ಲೂ ಮೇಕೆಗಳಿಗೆ ಹಾಕುವ ಮೇವು. ಅದರಲ್ಲಿರುವ ಮಿಮೋಸಿನ್ ಜಾಸ್ತಿಯಾದರೆ ರೋಮ ಉದುರುತ್ತದೆ. ಹೊಟ್ಟೆಯಲ್ಲಿ ಅದು ಒಡೆದು ಬರುವ ಡಿಎಚ್‌ಪಿ ಗಳಗಂಡ ತರುತ್ತದೆ. ಆಸ್ಟ್ರೇಲಿಯಾದ ದನಗಳಿಗೆ ಈ ವಿಷ ತಟ್ಟುತ್ತಿತ್ತು, ಹವಾಯಿಯ ಮೇಕೆಗಳಿಗೆ ತಟ್ಟುತ್ತಿರಲಿಲ್ಲ. ಹವಾಯಿಯ ಮೇಕೆಯ ರೂಮೆನ್ ದ್ರವವನ್ನು ಆಸ್ಟ್ರೇಲಿಯಾಕ್ಕೆ ಕೊಂಡೊಯ್ದು ದನಗಳಿಗೆ ಕೊಟ್ಟಾಗ ಅವೂ ತಾಳಿಕೊಂಡವು. ಆ ಕೆಲಸ ಮಾಡುತ್ತಿದ್ದ ಬ್ಯಾಕ್ಟೀರಿಯಾವನ್ನು 1992ರಲ್ಲಿ ಹೊಸ ಕುಲ, ಹೊಸ ಪ್ರಭೇದವಾಗಿ ವಿವರಿಸಿ, ಈ ವಿಷಯದ ಬೆನ್ನುಹತ್ತಿದ್ದ ರೇಮಂಡ್ ಜೋನ್ಸ್ ಹೆಸರಿಟ್ಟರು. ಈಗ ಅದರ ಕುಲದ ಹೆಸರಿನಿಂದಲೇ ಒಂದು ಇಡೀ ಫೈಲಮ್ (ಕುಲಗಳಿಗಿಂತ ಎಷ್ಟೋ ದೊಡ್ಡ ವಿಭಾಗ) ನಿಂತಿದೆ. ಗಮನಿಸಬೇಕಾದ್ದು, ಅದು ಸಕ್ಕರೆಯನ್ನೇ ಮುಟ್ಟುವುದಿಲ್ಲ. ಆರ್ಜಿನಿನ್, ಹಿಸ್ಟಿಡಿನ್ ತಿಂದು ಬದುಕುತ್ತದೆ. ಗ್ಲುಕೋಸ್ ಮೀಡಿಯಾವನ್ನಷ್ಟೇ ನಂಬಿದ್ದರೆ ಕಾಲೊನಿಯೇ ಏಳುತ್ತಿರಲಿಲ್ಲ, ಯಾವ ಸರ್ವರಿಗೂ ಕೆಲಸವಿರುತ್ತಿರಲಿಲ್ಲ.

"ಹೊಸದು" ಎಂದು ಎರಡೂ ಕಡೆ ಖಚಿತವಾದ ಮೇಲೆ ಉಳಿಯುವುದು ಠೇವಣಿ. ನಾಮಕರಣ ಸಂಹಿತೆಯ ಪ್ರಕಾರ ಟೈಪ್ ಸ್ಟ್ರೇನನ್ನು ಎರಡು ಬೇರೆ ದೇಶಗಳ ಎರಡು ಸಂಗ್ರಹಾಲಯಗಳಲ್ಲಿ ಇಡಬೇಕು, ಕೇಳಿದವರಿಗೆ ಅದು ಸಿಗುವಂತಿರಬೇಕು. ಭಾರತದ ತಳಿಯಾದರೆ ಜೀವವೈವಿಧ್ಯ ಕಾಯ್ದೆ, 2002 ಕೂಡ ಅನ್ವಯಿಸುತ್ತದೆ. ಹೊಸ ಜೀವಿಯ ಮಾದರಿಯನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಕೊಡಲೇಬೇಕು. ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಎಂಆರ್ (ಹಿಂದಿನ ಎಂಸಿಸಿ) ಬಹಳ ಜನ ಹೋಗುವ ಜಾಗಗಳು. ವಿದೇಶಕ್ಕೆ ಕಳಿಸುವ ಮುಂಚೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪತ್ರ ವ್ಯವಹಾರ ಶುರುಮಾಡಿ. ಜೀನೋಮ್ ಬಂದ ಮೇಲೆ ಅಲ್ಲ, ಕಲ್ಚರ್ ಶುದ್ಧವಾದ ದಿನವೇ. ತಿಂಗಳುಗಟ್ಟಲೆ ತಿನ್ನುವ ಹಂತ ಇದೇ. ಆಮ್ಲಜನಕ ಸಹಿಸದ ತಳಿಯನ್ನು ಪ್ಲೇಟಿನಲ್ಲಿ ಕಳಿಸಿದರೆ ದಾರಿಯಲ್ಲೇ ಸಾಯುತ್ತದೆ. ಬ್ಯೂಟೈಲ್ ರಬ್ಬರ್ ಬಿರಡೆಯ ಟ್ಯೂಬಿನಲ್ಲಿ, ಹೊಸದಾಗಿ ಬೆಳೆದ ಕಲ್ಚರನ್ನು, ಮೀಡಿಯಾದ ಪೂರ್ತಿ ಪಾಕವಿಧಾನದ ಜೊತೆ ಕಳಿಸಿ. ಶೇ. 40 ರೂಮೆನ್ ದ್ರವ ಹಾಕಿ ಬೆಳೆಸಿದ್ದರೆ ಅದನ್ನು ಬರೆಯಿರಿ, ಇಲ್ಲವಾದರೆ ಅಲ್ಲಿ ಅದು ಏಳುವುದೇ ಇಲ್ಲ.

ಒಂದೇ ತಳಿ ಇಟ್ಟುಕೊಂಡು ಹೊಸ ಪ್ರಭೇದ ಬರೆಯುವುದಕ್ಕಿಂತ ಮೂರು ನಾಲ್ಕು ತಳಿ ಇದ್ದರೆ ಒಳ್ಳೆಯದು. ಎಲ್ಲವನ್ನೂ ಒಂದೇ ಸಲ ಟಿವೈಜಿಎಸ್‌ಗೆ ಹಾಕಿ, ಪರಸ್ಪರ ಅಂಕಿಯೂ ಬರುತ್ತದೆ. ಬೇರೆ ಬೇರೆ ಮೇಕೆಗಳಿಂದ ತೆಗೆದದ್ದು ಎಂದುಕೊಂಡವು ನೂರಕ್ಕೆ ನೂರು ಒಂದೇ ಎಂದು ಬಂದರೆ ಟ್ಯೂಬುಗಳ ಲೇಬಲ್ ಮತ್ತೊಮ್ಮೆ ನೋಡಿ.

ಕೊನೆಯದಾಗಿ, ಪ್ರಬಂಧ ಕಳಿಸುವ ಹಿಂದಿನ ವಾರ ಅದೇ ಫೈಲನ್ನು ಮತ್ತೊಮ್ಮೆ ಹಾಕಿ ನೋಡಿ. ಹೊಸ ಟೈಪ್ ಸ್ಟ್ರೇನ್‌ಗಳು ಡೇಟಾಬೇಸಿಗೆ ಸೇರುತ್ತಲೇ ಇರುತ್ತವೆ. ಆರು ತಿಂಗಳ ಹಿಂದೆ 31.6 ಇದ್ದ ಅತಿ ಹತ್ತಿರದ ನೆಂಟನ ಜಾಗದಲ್ಲಿ ಈಗ 74 ಬಂದು ಕೂತಿರಬಹುದು. ಹಾಗಾದರೆ ಶೀರ್ಷಿಕೆಯಲ್ಲಿ "ಹೊಸ ಪ್ರಭೇದ" ಎಂಬುದನ್ನು ಅಳಿಸಿ, ಹೆಸರಿಟ್ಟವರ ತಳಿಯ ಪಕ್ಕ ನಿಮ್ಮದನ್ನು ಎರಡನೆಯ ತಳಿಯಾಗಿ ಬರೆಯಬೇಕಾಗುತ್ತದೆ. ವಿಮರ್ಶಕರು ಹೇಳಿ ಅಳಿಸುವುದಕ್ಕಿಂತ ಅದು ಕಡಿಮೆ ನೋವು.